ಅತ್ತಿಮರದ ಬುಡಕ್ಕೆ ಎರೆದ ಹಾಲು

ನಾನು ನಿಂತಿದ್ದು ಕೊಪ್ಪದ ನಮ್ಮ ಕಾಲೇಜಿನ ಹಿಂಬದಿಯಲ್ಲಿ, ಆಟದ ಸಾಮಾನು ಇಡುವ ಕೋಣೆಗೂ ಅತ್ತಿಮರಕ್ಕೂ ನಡುವೆ, ಕೋಣೆಯ ಬಾಗಿಲಿಗೆ ಬೆನ್ನು ಮಾಡಿ. ಎರಡು ಸಾವಿರದ ಐದನೇ ಇಸವಿ, ದಸರೆ ರಜೆ ಮುಗಿದು ಕಾಲೇಜು ತೆರೆದ ಎರಡನೇ ವಾರ, ಮಧ್ಯಾಹ್ನದ ಊಟದ ಬೆಲ್ಲು ಹೊಡೆದ ಮೇಲೆ. ಮಳೆ ಇರಲಿಲ್ಲ. ನನ್ನ ಕೈಯಲ್ಲಿ ಮುಚ್ಚಳವಿದ್ದ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು, ಖಾಲಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆ ದಿನದ ಕತೆಯನ್ನು ಕಾಲೇಜಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳಿದ್ದನ್ನು ಕೇಳಿದ್ದೇನೆ. ಒಂದರಲ್ಲಿ ನಾಗರಹಾವು ಕೂಡ ಬರುತ್ತದೆ. ಹಾವು ಇರಲಿಲ್ಲ. ಇದ್ದದ್ದು ನಾನು, ಕೋಣೆಯೊಳಗೆ ನನ್ನ ಹೆಂಡತಿ, ಮತ್ತು ನನ್ನೆದುರಿಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದ ಕೆಲವು ಹುಡುಗಿಯರು.

ನಾವಿಬ್ಬರೂ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ನಾನು ಭೌತಶಾಸ್ತ್ರ, ಅವಳು ಇತಿಹಾಸ. ನನ್ನದು ಕಾಯಂ ಕೆಲಸ, ಅವಳದು ತಾಸಿನ ಲೆಕ್ಕದ್ದು. ಹಾಗೆ ಪಾಠ ಮಾಡುವವರಿಗೆ ಹೆರಿಗೆ ರಜೆ ಎಂಬುದು ಇರಲಿಲ್ಲ. ಮಗಳು ಹುಟ್ಟಿದ್ದು ಬೇಸಿಗೆಯಲ್ಲಿ. ಶ್ರಾವಣದ ಹೊತ್ತಿಗೆ ಪ್ರಿನ್ಸಿಪಾಲರು ನನ್ನನ್ನು ಕರೆದು, ಇನ್ನೂ ಕಾಯುವುದು ಕಷ್ಟ, ಆ ತಾಸುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಬೇಸರದಿಂದಲೇ ಹೇಳಿದರು. ಅವಳು ಆ ಕೆಲಸವನ್ನು ಎಷ್ಟು ಇಷ್ಟಪಟ್ಟಿದ್ದಳು ಎಂದು ನನಗೆ ಗೊತ್ತಿತ್ತು. ಬಾಣಂತನದ ಕೋಣೆಯಲ್ಲೂ ದಿಂಬಿನ ಪಕ್ಕ ಪಾಠದ ಪುಸ್ತಕ ಇಟ್ಟುಕೊಂಡಿದ್ದವಳು. ಮರುವಾರದಿಂದಲೇ ಬರುತ್ತೇನೆ ಎಂದು ಹೇಳಿ ಕಳಿಸಿದಳು.

ಆಗ ನಾವಿದ್ದದ್ದು ಜಯಪುರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಮಗುವನ್ನು ನೋಡಿಕೊಳ್ಳಲು ನನ್ನ ತಾಯಿ ಬಂದಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ತಿರುಗಿ ಮನೆ ಸೇರುವಾಗ ಸಂಜೆ. ಅಷ್ಟು ಹೊತ್ತು ಎದೆಹಾಲು ತೆಗೆಯದೇ ಇದ್ದರೆ ಗಟ್ಟಿ ಕಟ್ಟುತ್ತದೆ, ನೋಯುತ್ತದೆ, ಆಮೇಲೆ ಹಾಲೇ ಬತ್ತುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಮೊದಲ ದಿನ ಸಂಜೆ ಬಸ್ಸಿನಲ್ಲಿ ಅವಳು ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು, ಯಾರ ಮೊಣಕೈಯೂ ಎದೆಗೆ ತಾಗದ ಹಾಗೆ ಬಾಗಿ ಕೂತಿದ್ದನ್ನು ನೋಡಿ ಗೊತ್ತಾಯಿತು. ಮಗುವಿಗೆ ಹಗಲು ಹಸುವಿನ ಹಾಲು ಕೊಟ್ಟು ನೋಡಿದ್ದೆವು, ಹೊಟ್ಟೆ ಕೆಟ್ಟಿತು. ರಾಗಿಯ ತೆಳು ಗಂಜಿಯನ್ನು ಚಮಚದಲ್ಲಿ ಅಷ್ಟಿಷ್ಟು ಕುಡಿಯುತ್ತಿತ್ತು. ಅದರ ನಿಜವಾದ ಊಟ ಸಂಜೆಯಿಂದ ಬೆಳಗಿನವರೆಗೆ, ತಾಯಿಯ ಹತ್ತಿರ. ಹಾಗಾಗಿ ಹಾಲು ಉಳಿಯಲೇಬೇಕಿತ್ತು, ಕೆಲಸವೂ ಉಳಿಯಬೇಕಿತ್ತು.

ಶೃಂಗೇರಿಯ ಔಷಧದ ಅಂಗಡಿಯಿಂದ ನಾನು ಒಂದು ಪಂಪ್ ತಂದೆ. ಗಾಜಿನ ಕೊಳವೆ, ಹಿಂದೆ ಕೆಂಪು ರಬ್ಬರಿನ ಚೆಂಡು. ಹಳೇ ಆಟೋಗಳ ಹಾರ್ನಿನ ಹಾಗಿತ್ತು. ತಾಯಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಒತ್ತಿದ್ರೆ ಕೂಸು ಕುಡಿದ ಹಾಗೆ ಆಗ್ತಾ?"

"ಆಗುತ್ತಂತೆ."

"ತೆಗೆದ ಹಾಲು ಎಂತ ಮಾಡ್ತೆ?"

ನಾನು ಅದನ್ನು ಯೋಚಿಸಿರಲಿಲ್ಲ. ಸಂಜೆಯವರೆಗೆ ಇಡಲು ಕಾಲೇಜಿನಲ್ಲಿ ಫ್ರಿಜ್ ಇರಲಿಲ್ಲ. ಫ್ರಿಜ್ ಇಲ್ಲದೆಯೂ ಕೆಲವು ತಾಸು ಇಡಬಹುದು ಎಂದು ಈಗಿನವರು ಹೇಳುತ್ತಾರೆ, ಆಗ ನಮಗೆ ಯಾರೂ ಹೇಳಲಿಲ್ಲ. ಚೆಲ್ಲಬೇಕಾಗುತ್ತದೆ ಎಂದೆ. ತಾಯಿ ಪಂಪನ್ನು ಕೆಳಗಿಟ್ಟರು.

"ನೋಡು ಮಾಣಿ, ಚರಂಡಿಗೆ ಹಾಕ್ಲಾಗ. ಜನ ತುಳಿಯೋ ಜಾಗಕ್ಕೂ ಹಾಕ್ಲಾಗ. ಗೀರಿದ್ರೆ ಹಾಲು ಬಪ್ಪ ಮರದ ಬುಡಕ್ಕೆ ಹಾಕು, ಅತ್ತಿಯೋ ಹಲಸೋ. ಮತ್ತೆ ಯಾರ ಕಣ್ಣಿಗೂ ಬೀಳ್ಲಾಗ, ಮುಚ್ಚಿಕೊಂಡು ಹೋಗು. ಕಣ್ಣು ಬಿದ್ರೆ ಬತ್ತಿಹೋಗ್ತು."

ನಾನು ಪಾಠ ಮಾಡುವ ವಿಷಯಕ್ಕೂ ಈ ಮಾತಿಗೂ ಹೊಂದುವುದಿಲ್ಲ. ಆದರೆ ಹಾಲು ಮಗುವಿನದು, ಅದರ ಬಗ್ಗೆ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿಯೂ ಸುಮ್ಮನೆ ತಲೆಯಾಡಿಸಿದಳು.

ಇನ್ನು ಜಾಗ. ಹೆಂಗಸರ ಶೌಚಾಲಯಕ್ಕೆ ಚಿಲಕ ಇರಲಿಲ್ಲ, ಇದ್ದಿದ್ದರೂ ಅಲ್ಲಿ ಕೂರುವ ಹಾಗಿರಲಿಲ್ಲ. ಹುಡುಗಿಯರ ವಿಶ್ರಾಂತಿ ಕೋಣೆಯಲ್ಲಿ ಊಟದ ಹೊತ್ತಿಗೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಲೈಬ್ರರಿಯ ಒಳಕೋಣೆಯ ಬಾಗಿಲು ಮಳೆಗೆ ಉಬ್ಬಿ ಮುಚ್ಚುತ್ತಿರಲಿಲ್ಲ. ಅವಳು ಪ್ರಿನ್ಸಿಪಾಲರ ಹತ್ತಿರ ನೇರವಾಗಿ ಕೇಳಿದಳು. ಅವರು ಒಳ್ಳೆಯ ಮನುಷ್ಯ, ಮುಖ ಕೆಂಪಗಾಗಿ, ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ಹೊರಗೆ ಹೋದರು. ಹೋಗುವಾಗ ಬಾಗಿಲಲ್ಲಿ ಅಟೆಂಡರನ್ನು ನಿಲ್ಲಿಸಿದರು. ಅಟೆಂಡರ್ ಬಂದವರಿಗೆಲ್ಲ, "ಒಳಗೆ ಮೇಡಂ ಇದ್ದಾರೆ, ಸಾಹೇಬ್ರು ಇಲ್ಲ, ಎಂತಕ್ಕೆ ಅಂತ ಕೇಳ್ಬೇಡಿ," ಎಂದು ಹೇಳತೊಡಗಿದ. ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅವಳಿಗೆ ಒಂದು ಹನಿಯೂ ಬರಲಿಲ್ಲ.

ಆಗ ನಾನು ಹೆಮ್ಮೆಯಿಂದ ನನ್ನ ಡಾರ್ಕ್ ರೂಮ್ ತೋರಿಸಿದೆ. ಪ್ರಯೋಗಾಲಯದ ಮೂಲೆಯಲ್ಲಿ ಬೆಳಕಿನ ಪ್ರಯೋಗಗಳಿಗಾಗಿ ಮಾಡಿದ ಕತ್ತಲೆ ಕೋಣೆ. ಒಳಚಿಲಕ ಇತ್ತು, ಕಪ್ಪು ಪರದೆ ಇತ್ತು, ನನ್ನ ಅಪ್ಪಣೆಯಿಲ್ಲದೆ ಯಾರೂ ಬರುವಂತಿರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಮೂರು ತಾಲೂಕಿನಲ್ಲಿ ಇಲ್ಲ ಎಂದು ಅವಳಿಗೆ ಹೇಳಿದ್ದೆ. ಅವಳು ಸ್ವಲ್ಪ ಹೊತ್ತಿಗೇ ಹೊರಗೆ ಬಂದಳು.

"ಆಗ್ಲಿಲ್ವಾ?"

"ಕತ್ತಲಲ್ಲಿ ಯಾರೋ ಇದ್ದಾರೆ ಅನ್ಸುತ್ತೆ. ಹೆದರಿಕೆಗೆ ಬರ್ತಿಲ್ಲ."

ಹಾಲು ಬರುವುದಕ್ಕೂ ಮನಸ್ಸಿಗೂ ಹೀಗೆ ನೇರ ತಂತಿ ಇದೆ ಎಂಬುದನ್ನು ನಾನು ಕಲಿತದ್ದು ಆಗ. ಎಷ್ಟು ಭದ್ರವಾದ ಕೋಣೆಯಾದರೂ ಅವಳ ಮೈ ಒಪ್ಪಬೇಕಿತ್ತು.

ಕೊನೆಗೆ ಸಿಕ್ಕಿದ್ದು ಆಟದ ಸಾಮಾನಿನ ಕೋಣೆ. ಕಾಲೇಜಿನ ಹಿಂದೆ, ಮೈದಾನಕ್ಕೆ ಇಳಿಯುವ ಕಾಲುದಾರಿಯಿಂದ ಸ್ವಲ್ಪ ಒಳಗೆ. ಅದರ ಚಾವಿ ದೈಹಿಕ ಶಿಕ್ಷಣದ ಮೇಷ್ಟರ ಹತ್ತಿರ. ಬಾಳೆಹೊನ್ನೂರು ಕಡೆಯವರು, ಆಗಿನ್ನೂ ಮದುವೆಯಾಗಿರಲಿಲ್ಲ. ನಾನು ವಿಷಯ ಶುರು ಮಾಡುತ್ತಿದ್ದ ಹಾಗೇ ಚಾವಿ ತೆಗೆದು ನನ್ನ ಅಂಗೈಗೆ ಒತ್ತಿದರು.

"ನಂಗೆ ಎಂತದೂ ಹೇಳ್ಬೇಡ ಮಾರಾಯ. ಚಾವಿ ಇಟ್ಕೊ. ಜಾವೆಲಿನ್ ಮೊನೆ ಕಾಲಿಗೆ ತಾಗದ ಹಾಗೆ ನೋಡ್ಕೊಳ್ಳೋಕೆ ಹೇಳು, ಅಷ್ಟೇ."

ಮಾರನೇ ದಿನ ಹೋಗಿ ನೋಡಿದರೆ ಜಾವೆಲಿನ್‌ಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು. ನೆಲ ಗುಡಿಸಿತ್ತು. ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ, ಚೀಲ ನೇತುಹಾಕಲು ಹೊಸ ಮೊಳೆ. ಅವಳು ಸುತ್ತಿಟ್ಟ ತೆಂಗಿನ ನಾರಿನ ಮ್ಯಾಟಿನ ಮೇಲೆ ಕೂತು, ಎತ್ತರದ ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಕೆಲಸ ಮುಗಿಸಿಕೊಂಡು ಬಂದಳು. ಡಬ್ಬಿ ಬೆಚ್ಚಗಿತ್ತು.

"ಇಲ್ಲಿ ಹೇಗೆ ಬಂತು?" ಎಂದು ಕೇಳಿದೆ.

"ಇಲ್ಲಿ ಯಾರಿಗೂ ನನ್ನಿಂದ ಎಂತದೂ ಬೇಕಾಗಿಲ್ಲ," ಎಂದಳು. "ಫುಟ್‌ಬಾಲುಗಳು ಸುಮ್ನೆ ಕೂತಿವೆ, ನಾನೂ ಸುಮ್ನೆ ಕೂತೆ."

ಕೋಣೆಯ ಎದುರಿಗೇ ಅತ್ತಿಮರ. ತಾಯಿಗೆ ಹೇಳಿದಾಗ ಅವರೂ ಸಮಾಧಾನಪಟ್ಟರು. ಆವತ್ತಿನಿಂದ ಅವಳು ಒಳಗಿರುವಾಗ ನಾನು ಹೊರಗೆ ಕಾಯುವುದು, ಆಮೇಲೆ ಮುಚ್ಚಿದ ಡಬ್ಬಿ ತೆಗೆದುಕೊಂಡು ಹೋಗಿ ಮರದ ಬುಡಕ್ಕೆ ಹಾಲು ಎರೆಯುವುದು, ಹೀಗೇ ನಡೆಯಿತು. ಜಡಿಮಳೆಯ ತಿಂಗಳು. ಒಂದು ಕೈಯಲ್ಲಿ ಕೊಡೆ. ಕೆಸರಿಗೆ ಚಪ್ಪಲಿ ಹಾಳಾಗುತ್ತದೆಂದು ಚಪ್ಪಲಿಯನ್ನು ಕೋಣೆಯ ಮುಂದಿನ ಕಟ್ಟೆಯ ಮೇಲೆ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದೆ. ಎರೆದ ಮೇಲೆ ಹಾಲು ಪೂರ್ತಿ ಇಂಗಿತೇ ಎಂದು ಬಗ್ಗಿ ನೋಡುತ್ತಿದ್ದೆ, ಬಿಳಿ ಕಲೆ ಯಾರ ಕಣ್ಣಿಗೂ ಬೀಳಬಾರದಲ್ಲ. ಮರದ ಆಚೆ ಬದಿಗೆ ಜರಿಗಿಡಗಳ ನಡುವೆ ಒಂದು ಸಣ್ಣ ಹುತ್ತ ಇರುವುದನ್ನು ನಾನು ಗಮನಿಸಿರಲಿಲ್ಲ.

ಬೇರೆಯವರು ಗಮನಿಸಿದ್ದರು. ಮೇಲಿನ ಮಹಡಿಯ ಕಿಟಕಿಯಿಂದ ನೋಡುವವರಿಗೆ ಕಾಣುತ್ತಿದ್ದದ್ದು ಇಷ್ಟು: ಭೌತಶಾಸ್ತ್ರದ ಮೇಷ್ಟ್ರು ಸುರಿಯುವ ಮಳೆಯಲ್ಲಿ ಬರಿಗಾಲಲ್ಲಿ ಬಂದು, ಹುತ್ತದ ಹತ್ತಿರ ಮುಚ್ಚಿದ ಪಾತ್ರೆಯಿಂದ ಹಾಲು ಎರೆದು, ಬಗ್ಗಿ, ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ದಿನವೂ.

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿ ನಕ್ಕರು. "ಎಂತ ಸರ್, ಗುರುತ್ವಾಕರ್ಷಣೆ ಕೈ ಕೊಡ್ತಾ? ಈಗ ಬೇರೆ ಯಾರನ್ನೋ ಹಿಡ್ದಿದೀರಂತೆ." ನನಗೆ ಅರ್ಥವಾಗಲಿಲ್ಲ, ನಾನೂ ನಕ್ಕೆ. ಹೆಂಡತಿ ಒಂದು ಸಂಜೆ ಬಸ್ಸಿನಲ್ಲಿ ಕೇಳಿದಳು.

"ಎಲ್ಲರೂ ನಮ್ಮ ಮಗುವಿನ ಕಿವಿ ಯಾಕೆ ವಿಚಾರಿಸ್ತಾರೆ?"

"ಕಿವಿಯಾ?"

"ಹೂಂ. ಕರೆದ್ರೆ ತಿರುಗಿ ನೋಡುತ್ತಾ ಅಂತ ಆಫೀಸಿನವರು ಕೇಳಿದ್ರು. ಕನ್ನಡದ ಮೇಡಂ ಮೈಮೇಲೆ ಕಜ್ಜಿ ಗಿಜ್ಜಿ ಇದೆಯಾ ಅಂತ ಕೇಳಿದ್ರು. ಕೇಳಿ ಕೈ ಹಿಡ್ಕೊಂಡ್ರು."

ಮಕ್ಕಳ ಕಿವಿ, ಚರ್ಮ ಕೆಟ್ಟರೆ ಅದು ನಾಗನ ಮುನಿಸು ಎಂದು ನಮ್ಮ ಕಡೆ ಹಿರಿಯರು ಹುತ್ತಕ್ಕೆ ಹಾಲೆರೆಯುತ್ತಾರೆ. ಇದು ನಮಗಿಬ್ಬರಿಗೂ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆದರೂ ಹೊಳೆಯಲಿಲ್ಲ. ಹೊಳೆದದ್ದು ದಸರೆ ರಜೆ ಕಳೆದು ಬಂದ ಮೊದಲ ದಿನ. ಜರಿಗಿಡಗಳನ್ನು ಯಾರೋ ಸವರಿದ್ದರು. ಹುತ್ತ ಬಯಲಾಗಿತ್ತು, ಅದಕ್ಕೆ ಅರಿಸಿನ ಕುಂಕುಮ, ಮೇಲೊಂದು ಸೇವಂತಿಗೆ. ಪಕ್ಕದಲ್ಲಿ ಕತ್ತರಿಸಿದ ಹಾಲಿನ ಪ್ಯಾಕೆಟ್ಟುಗಳು.

ಊಟದ ಹೊತ್ತಿಗೆ ಜನ ಬರತೊಡಗಿದರು. ತುಂಬ ಜನವಲ್ಲ, ಆದರೆ ಬಿಟ್ಟು ಬಿಟ್ಟು ಬರುವವರು. ಅವಳು ಒಳಗೆ ಕೂತಿರುವಾಗ ಬಾಗಿಲ ಸಂದಿಯಲ್ಲಿ ನೆರಳು ಸರಿಯುತ್ತಿತ್ತು, ಬಾಗಿಲ ಹತ್ತಿರವೇ ಚಪ್ಪಲಿ ಬಿಡುವ ಸದ್ದು, ಪಿಸುಮಾತು. ಹಾಲು ನಿಂತುಹೋಯಿತು. ಒಂದು ದಿನ ಅರ್ಧ, ಮಾರನೇ ದಿನ ಬರೀ ತಳ, ಆಮೇಲೆ ಅದೂ ಇಲ್ಲ. ಎಡಗಡೆ ಎದೆ ಕಲ್ಲಿನಂತಾಗಿ ಜ್ವರ ಬಂತು. ಕೊಪ್ಪದ ಡಾಕ್ಟರಮ್ಮ ಮಾತ್ರೆ ಕೊಟ್ಟು, ಹೇಗಾದರೂ ಮಾಡಿ ಮಧ್ಯಾಹ್ನ ಹಾಲು ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಕೀವಾಗಿ ಕೊಯ್ಯಬೇಕಾಗುತ್ತದೆ ಎಂದರು. ಹೊಸ ಜಾಗ ಎಲ್ಲಿಂದ ತರುವುದು? ಎಲ್ಲವನ್ನೂ ನೋಡಿಯಾಗಿತ್ತು. ನಾನು ಎರೆದದ್ದು ಹರಕೆಯಲ್ಲ ಎಂದು ಹೇಳಬಹುದಿತ್ತು, ಹೇಳಿದರೆ ಹಾಗಾದರೆ ಅದು ಏನು ಎಂದು ಹೇಳಬೇಕು. ಅದು ಹೇಳಲು ನನ್ನದಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಹೇಳಿದಳು: "ಇವತ್ತೊಂದು ದಿನ ನೋಡ್ತೇನೆ. ಆಗದಿದ್ರೆ ಪ್ರಿನ್ಸಿಪಾಲ್ರಿಗೆ ಹೇಳಿ ಬಿಡ್ತೇನೆ, ನಾಳೆಯಿಂದ ಬರೋದಿಲ್ಲ ಅಂತ." ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹೀಗೆ ನಾನು, ಹಾಲು ಬಂದರೆ ಒಳಗೆ ಕೊಡಲೆಂದು ಖಾಲಿ ಡಬ್ಬಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಕಾಲುದಾರಿಯಿಂದ ಏಳೆಂಟು ಹುಡುಗಿಯರು ಬಂದರು, ಕೊನೆಯ ವರ್ಷದ ಬಿ.ಎ. ತರಗತಿಯವರು, ನನ್ನ ಹೆಂಡತಿಯ ಶಿಷ್ಯೆಯರು. ಮುಂದಿದ್ದವಳು ಆ ತರಗತಿಯಲ್ಲೇ ಬಾಯಿಬಡುಕಿ ಎಂದು ಹೆಸರಾದವಳು. ನನ್ನನ್ನು ನೋಡಿ ತಲೆ ತಗ್ಗಿಸಿ, ಚಪ್ಪಲಿ ಬಿಟ್ಟು, ಹುತ್ತದ ಕಡೆ ಹೊರಟರು. ಅದೇ ಹೊತ್ತಿಗೆ ಹಿಂದೆ ಚಿಲಕ ತೆಗೆದ ಸದ್ದಾಯಿತು. ಹೆಂಡತಿ ಹೊರಗೆ ಬಂದಳು. ಗಾಜಿನ ಪಂಪನ್ನು ಮುಚ್ಚಿಕೊಳ್ಳದೆ ಕೈಯಲ್ಲೇ ಹಿಡಿದಿದ್ದಳು, ಅದು ಒಣಗಿತ್ತು. ಜ್ವರಕ್ಕೆ ಅವಳ ಕಣ್ಣು ಕೆಂಪಾಗಿತ್ತು.

ಹುಡುಗಿಯರು ಗಾಬರಿಯಾಗಿ ನಿಂತರು. ಬಾಯಿಬಡುಕಿ ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು.

"ಅಳ್ಬೇಡಿ ಮೇಡಂ. ಎಂತ ಆಗೋದಿಲ್ಲ ಪಾಪುಗೆ. ನಾವೂ ದಿನಾ ಹಾಕ್ತಿದ್ದೀವಿ ಅಲ್ವಾ."

"ಏನು ಹಾಕ್ತಿದ್ದೀರಿ?"

"ಹಾಲು. ಪಾಪು ಹುಷಾರಾಗ್ಲಿ ಅಂತ. ಒಬ್ಬೊಬ್ರು ಒಂದೊಂದು ದಿನ ಪ್ಯಾಕೆಟ್ ತರೋದು ಅಂತ ಮಾಡ್ಕೊಂಡಿದೀವಿ."

ನಾನು ನಂಬಿದ್ದೆ, ಇವರು ಪರೀಕ್ಷೆ ಪಾಸಾಗಲೆಂದು ಬರುತ್ತಾರೆ ಎಂದು. ಇಷ್ಟು ದಿನ ಒಳಗೆ ಅವಳ ಹಾಲನ್ನು ನಿಲ್ಲಿಸಿದ್ದು ಹೊರಗಿನ ಈ ಹಾಲು. ಅದನ್ನು ತಂದವರು ನಮ್ಮ ಮಗುವಿಗಾಗಿಯೇ ತಂದಿದ್ದರು. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿದಳು. ನಗುತ್ತಾಳೋ ಅಳುತ್ತಾಳೋ ಎಂದು ನನಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ನಕ್ಕಳು.

"ನನ್ನ ಮಗುಗೆ ಎಂತದೂ ಆಗಿಲ್ಲ ಕಣ್ರೇ. ಕಿವಿ ಸರಿಯಾಗಿದೆ. ಇವರು ಮರದ ಬುಡಕ್ಕೆ ಹಾಕ್ತಿದ್ದಿದ್ದು ನನ್ನ ಹಾಲು."

ಒಬ್ಬಳು ಕೈಯಲ್ಲಿದ್ದ ಪ್ಯಾಕೆಟ್ ನೋಡಿಕೊಂಡಳು. ಹೆಂಡತಿ ಗಾಜಿನ ಪಂಪನ್ನು ಎತ್ತಿ ತೋರಿಸಿ, ತರಗತಿಯಲ್ಲಿ ಹೇಳುವ ಹಾಗೇ ನಿಧಾನವಾಗಿ ಹೇಳಿದಳು. ಮಗು ಜಯಪುರದಲ್ಲಿದೆ, ಮಧ್ಯಾಹ್ನ ಹಾಲು ತೆಗೆಯದಿದ್ದರೆ ಬತ್ತುತ್ತದೆ, ಬೇರೆ ಎಲ್ಲೂ ಜಾಗ ಸಿಗಲಿಲ್ಲ, ಇಲ್ಲಿ ಸಿಕ್ಕಿತ್ತು, ಹೊರಗೆ ಜನ ಓಡಾಡತೊಡಗಿದ ಮೇಲೆ ಇಲ್ಲೂ ಬರುತ್ತಿಲ್ಲ.

"ಅಯ್ಯೋ, ನಾವು ಬಂದಿದ್ದಕ್ಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಬಾಯಿಬಡುಕಿ ಹುಡುಗಿ ಅವಳನ್ನು ಸುಮ್ಮನಿರಿಸಿದಳು. "ಎಷ್ಟು ಹೊತ್ತು ಬೇಕು ಮೇಡಂ?"

"ಅರ್ಧ ಗಂಟೆ."

"ಹೋಗಿ ಕೂತ್ಕೊಳ್ಳಿ. ಇಲ್ಲಿಗೆ ಒಂದು ನರಪಿಳ್ಳೆ ಬರದ ಹಾಗೆ ನಾವು ನೋಡ್ಕೋತೀವಿ." ಆಮೇಲೆ ನನ್ನ ಕಡೆ ತಿರುಗಿದಳು. "ಸರ್, ನೀವೂ ಆಚೆ ಹೋಗಿ."

ನಾನು ಹೋದೆ. ಕಾಲುದಾರಿಯ ತಿರುವಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ವಿಷಲ್ ಕೊರಳಿಗೆ ಹಾಕಿಕೊಂಡು ನಿಂತಿದ್ದರು. ನಾವಿಬ್ಬರೂ ಮೈದಾನದ ಕಡೆ ನೋಡುತ್ತ ನಿಂತೆವು. ಹುಡುಗಿಯರು ದಾರಿಗೆ ಅಡ್ಡಲಾಗಿ ಸಾಲಾಗಿ ಕೂತರು, ಕೋಣೆಗೆ ಬೆನ್ನು ಹಾಕಿ. ಸ್ವಲ್ಪ ಹೊತ್ತಿಗೆ ಬಿ.ಕಾಂ.ನ ಇಬ್ಬರು ಹುಡುಗರು ಹೂವು ಹಿಡಿದು ಬಂದರು.

"ಈಗ ಹೆಂಗಸರ ಪೂಜೆ," ಎಂದಳು ಬಾಯಿಬಡುಕಿ. "ಗಂಡಸರು ಬರೋ ಹಾಗಿಲ್ಲ."

"ಯಾವಾಗಿಂದ?"

"ಇವತ್ತಿಂದ. ನಾಗಪ್ಪ ಹೇಳಿದಾನೆ. ನಿಂಗೆ ಹೇಳಿಲ್ವಾ? ಎಷ್ಟು ಸಬ್ಜೆಕ್ಟ್ ಉಳ್ಕೊಂಡಿದೆ ನಿಂದು?"

ಆ ಹುಡುಗರು ನಮ್ಮನ್ನು ನೋಡಿದರು. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. ಹುಡುಗರು ಹೂವನ್ನು ಹುಡುಗಿಯರ ಕೈಗೆ ಕೊಟ್ಟು ಹೋದರು. "ಇದೊಳ್ಳೆ ಕತೆ ಮಾರಾಯ," ಎಂದು ಮೇಷ್ಟ್ರು ನನ್ನ ಕಡೆ ತಿರುಗದೆ ಹೇಳಿದರು. ಕಿಂಡಿಯಿಂದ ರಬ್ಬರ್ ಚೆಂಡಿನ ಉಸಿರಿನಂಥ ಸದ್ದು ಕೇಳುತ್ತಿತ್ತು, ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ. ನಾನು ಅದನ್ನು ಕೇಳುತ್ತ, ಕೇಳದವನಂತೆ ಗೋಲ್ ಪೋಸ್ಟ್ ನೋಡುತ್ತಿದ್ದೆ.

ಚಿಲಕದ ಸದ್ದಿಗೆ ನಾನು ತಿರುಗಿದೆ. ಅವಳು ಹೊರಗೆ ಬಂದಾಗ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಹಾಗಾಗಿ ಹಾಲು ಗಾಜಿನ ಕೊಳವೆಯಲ್ಲೇ ಇತ್ತು, ಮುಚ್ಚದೆ, ಎಲ್ಲರಿಗೂ ಕಾಣುವ ಹಾಗೆ. ತಾಯಿ ಯಾವುದನ್ನು ಮಾಡಬಾರದು ಎಂದಿದ್ದರೋ ಅದೇ. ಹುಡುಗಿಯರು ಎದ್ದು ಸುತ್ತ ನಿಂತರು. ಒಬ್ಬಳು ಬೆರಳ ತುದಿಯಿಂದ ಗಾಜನ್ನು ಮುಟ್ಟಿ, "ಬೆಚ್ಚಗಿದೆ," ಎಂದಳು. ಬಾಯಿಬಡುಕಿ ಹುಡುಗಿ ಏನೂ ಹೇಳದೆ ಕೈ ಚಾಚಿದಳು. ಹೆಂಡತಿ ಕೊಟ್ಟಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ, ಹುತ್ತದ ಕಡೆ ಅಲ್ಲ, ಮರದ ಈಚೆ ಬದಿಗೆ, ನಾನು ದಿನವೂ ಎರೆಯುತ್ತಿದ್ದ ಜಾಗಕ್ಕೇ ಎರೆದಳು. ಮೇಲಿನ ಕಿಟಕಿಯಿಂದ ಅವರು ಅಷ್ಟು ಸರಿಯಾಗಿ ನೋಡಿದ್ದರು.

ಆ ರಾತ್ರಿಯಿಡೀ ಹೆಂಡತಿಗೂ ನನಗೂ ಒಳಗೊಳಗೇ ಹೆದರಿಕೆ ಇತ್ತು, ಅಷ್ಟು ಕಣ್ಣುಗಳು ಬಿದ್ದಿವೆ ಎಂದು. ಹಾಲು ಬತ್ತಲಿಲ್ಲ. ಎರಡು ದಿನಕ್ಕೆ ಜ್ವರ ಬಿಟ್ಟಿತು, ಎದೆ ಮೆತ್ತಗಾಯಿತು. ತಾಯಿಗೆ ಅವಳೇ ಎಲ್ಲ ಹೇಳಿದಳು. ತಾಯಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೇಳಿಸಿಕೊಂಡರು.

"ಅವೆಲ್ಲ ಕೂಸಿಗೆ ಒಳ್ಳೇದಾಗ್ಲಿ ಹೇಳಿ ನೋಡಿದ ಕಣ್ಣು. ಅದು ತಾಗ್ತಿಲ್ಲೆ," ಎಂದರು. ಮರುವಾರ ಬಾಣಂತಿಗೆಂದು ಮಾಡಿದ್ದ ಅಂಟಿನುಂಡೆಯ ಡಬ್ಬವನ್ನೇ ಹುಡುಗಿಯರಿಗೆ ಕಳಿಸಿದರು. ಬಾಣಂತಿಯರ ತಿಂಡಿ ಎಂದು ಗೊತ್ತಿದ್ದೂ ಅವರು ಒಂದೂ ಉಳಿಸಲಿಲ್ಲ.

ಹೆಂಗಸರ ಪೂಜೆಯ ಹೊತ್ತು ಮಾರ್ಚ್‌ವರೆಗೂ ನಡೆಯಿತು. ಮಗಳು ಅನ್ನ ತಿನ್ನತೊಡಗಿದ ಮೇಲೆ ಚಾವಿಯನ್ನು ಮೇಷ್ಟ್ರಿಗೆ ವಾಪಸ್ ಕೊಟ್ಟೆವು. ಚಿಲಕ ಬಿಚ್ಚಲೇ ಎಂದು ಕೇಳಿದೆ. "ಇರ್ಲಿ ಬಿಡು ಮಾರಾಯ," ಎಂದರು. ಹುತ್ತಕ್ಕೆ ಈಗಲೂ ಯಾರಾದರೂ ಕುಂಕುಮ ಇಡುತ್ತಾರೆ. ನಾವು ಯಾರಿಗೂ ಏನೂ ಹೇಳಲು ಹೋಗಿಲ್ಲ.

ಆ ದಿನ ಗಾಜಿನಲ್ಲಿದ್ದ ಹಾಲನ್ನು ಕಣ್ಣಾರೆ ಕಂಡವರು ಇವರು. ನನ್ನ ಹೆಂಡತಿ. ಬೆರಳಿನಿಂದ ಮುಟ್ಟಿ ನೋಡಿದ ಹುಡುಗಿ, ಈಗ ಶೃಂಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಎರೆದ ಬಾಯಿಬಡುಕಿ, ನರಸಿಂಹರಾಜಪುರದಲ್ಲಿ ಶಾಲೆಯ ಮೇಡಂ, ಈಗಲೂ ಅಷ್ಟೇ ಮಾತು. ಉಳಿದ ಹುಡುಗಿಯರಲ್ಲಿ ಒಬ್ಬಳು ತೀರಿಕೊಂಡಳು, ಮತ್ತೆಲ್ಲರೂ ಇದ್ದಾರೆ, ಹಬ್ಬಕ್ಕೆ ಫೋನ್ ಮಾಡುತ್ತಾರೆ. ಮೇಷ್ಟ್ರು ಸದ್ದು ಕೇಳಿದ್ದು ಬಿಟ್ಟರೆ ನೋಡಲಿಲ್ಲ, ಕೊನೆಯವರೆಗೂ ಮೈದಾನದ ಕಡೆಯೇ ಮುಖ ಮಾಡಿದ್ದರು, ಅದಕ್ಕೆ ನಾನು ಸಾಕ್ಷಿ. ಅವರೂ ಇದ್ದಾರೆ. ಮತ್ತು ನಾನು.